ಮೊದಲು ಕೇಳಿ, ಆಮೇಲೆ ಒಪ್ಪಿಸಿ

"ಎಲ್ಲವನ್ನೂ ದೇವರ ಕೈಗೆ ಒಪ್ಪಿಸಿಬಿಟ್ಟಿದ್ದೇನೆ." ಈ ಮಾತನ್ನು ನಾವೆಲ್ಲ ಹೇಳಿದವರೇ. ಪ್ರಾರ್ಥನಾ ಕೂಟದಲ್ಲಿ ಹೇಳುತ್ತೇವೆ, ಸಾಕ್ಷಿ ಕೊಡುವಾಗ ಹೇಳುತ್ತೇವೆ, ಆಸ್ಪತ್ರೆಯಲ್ಲಿ ಮಲಗಿದವರನ್ನು ನೋಡಲು ಹೋದಾಗ ಬೇರೇನೂ ತೋಚದೆ ಅವರಿಗೂ ಹೇಳಿ ಬರುತ್ತೇವೆ: "ಕರ್ತನಿಗೆ ಒಪ್ಪಿಸಿಬಿಡಿ." ಕೇಳುವುದಕ್ಕೆ ಚೆನ್ನಾಗಿರುತ್ತದೆ. ನನ್ನ ಪ್ರಶ್ನೆ ಇಷ್ಟೇ. ನೀವು ಒಪ್ಪಿಸಿದ್ದು ಏನನ್ನು? ಭಾನುವಾರ ಒಪ್ಪಿಸಿದ ಮೇಲೆ ಸೋಮವಾರ ಬೆಳಿಗ್ಗೆ ಏನು ಬದಲಾಯಿತು?

"ನನ್ನ ಇಡೀ ಜೀವನ ನಿನ್ನದು ಕರ್ತನೇ" ಅನ್ನುವುದು ಕಷ್ಟವೇ ಅಲ್ಲ. ಇಡೀ ಜೀವನ ಅನ್ನುವುದು ಎಷ್ಟು ದೊಡ್ಡದೆಂದರೆ ಅದು ನಮ್ಮ ಹಿಡಿತಕ್ಕೇ ಸಿಗುವುದಿಲ್ಲ, ಹಾಗಾಗಿ ಅದನ್ನು ಕೊಟ್ಟರೂ ಏನೂ ಕಳೆದುಕೊಂಡ ಹಾಗೆ ಅನಿಸುವುದಿಲ್ಲ. ಮಗಳು ಯಾರನ್ನು ಮದುವೆಯಾಗುತ್ತಾಳೆ ಅನ್ನುವುದನ್ನು ಕೊಡಿ ನೋಡೋಣ. ನಾಡಿದ್ದು ಬರುವ ಸ್ಕ್ಯಾನ್ ರಿಪೋರ್ಟ್ ಕೊಡಿ. ಆಫೀಸಿನಲ್ಲಿ ನನ್ನ ಹೆಸರು ಏನಾಗುತ್ತದೆ ಅನ್ನುವ ಚಿಂತೆ ಕೊಡಿ. ಅಲ್ಲಿ ಬೆರಳು ಬಿಚ್ಚಿಕೊಳ್ಳುವುದಿಲ್ಲ, ಅಲ್ವಾ?

ಸಂತ ಇಗ್ನೇಷಿಯಸ್ ಲೊಯೋಲಾ ಅವರ ಕಥೆ ನಿಮ್ಮಲ್ಲಿ ಕೆಲವರಿಗೆ ಗೊತ್ತಿರುತ್ತದೆ. ಮೊದಲು ಅವರು ಸೈನಿಕ. 1521ರಲ್ಲಿ ಪಾಂಪ್ಲೋನಾದ ಕಾಳಗದಲ್ಲಿ ಫಿರಂಗಿ ಗುಂಡು ಬಡಿದು ಕಾಲು ಮುರಿಯಿತು. ಮೂಳೆ ಸರಿಯಾಗಿ ಕೂಡಲಿಲ್ಲ ಅಂತ ಮತ್ತೆ ಮುರಿದು ಕೂಡಿಸಿದರು. ಆಮೇಲೂ ಮಂಡಿಯ ಕೆಳಗೆ ಒಂದು ಮೂಳೆ ಉಬ್ಬಿ ನಿಂತಿತ್ತು, ಬಿಗಿಯಾದ ಬೂಟು ಹಾಕಿದರೆ ಚೆಂದ ಕಾಣುವುದಿಲ್ಲ. ಅದಕ್ಕೋಸ್ಕರ ಆ ಮೂಳೆಯನ್ನು ಗರಗಸದಿಂದ ಕೊಯ್ಯಿಸಿಕೊಂಡರು! ಅರಿವಳಿಕೆ ಇಲ್ಲದ ಕಾಲ ಅದು. ತನ್ನ ಕಾಲು ಹೇಗೆ ಕಾಣಬೇಕು ಅನ್ನುವುದರ ಮೇಲೂ ಅಷ್ಟು ಹಿಡಿತ ಬೇಕಿದ್ದ ಮನುಷ್ಯ. ಅದೇ ಹಾಸಿಗೆಯಲ್ಲಿ ಮಲಗಿದ್ದಾಗ, ಓದಲು ಬೇರೆ ಪುಸ್ತಕ ಸಿಗದೆ, ಕ್ರಿಸ್ತನ ಜೀವನವನ್ನೂ ಸಂತರ ಕಥೆಗಳನ್ನೂ ಓದಿದರು, ಬದುಕು ತಿರುಗಿತು. ಮುಂದೆ ಅವರು ಬರೆದ ಸಮರ್ಪಣೆಯ ಪ್ರಾರ್ಥನೆ ನೋಡಿ. ಅದರಲ್ಲಿ "ಎಲ್ಲಾ ತಗೋ" ಅಂತ ಒಂದೇ ಉಸಿರಿಗೆ ಹೇಳಿ ಮುಗಿಸುವುದಿಲ್ಲ. ನನ್ನ ಸ್ವಾತಂತ್ರ್ಯ, ನನ್ನ ನೆನಪು, ನನ್ನ ಬುದ್ಧಿ, ನನ್ನ ಇಚ್ಛೆ ಅಂತ ಒಂದೊಂದೇ ಎತ್ತಿ ಕೊಡುತ್ತಾರೆ. ನೆನಪನ್ನೂ ಕೊಡಬೇಕು ಅಂತ ನಮಗೆ ಹೊಳೆಯುವುದೇ ಇಲ್ಲ ನೋಡಿ. ಇಪ್ಪತ್ತು ವರ್ಷದ ಹಿಂದೆ ಯಾರೋ ಅಂದ ಮಾತನ್ನು ಇವತ್ತೂ ಹಿಡಿದುಕೊಂಡಿರುತ್ತೇವೆ.

ಈಗ ಗೆತ್ಸೇಮನೆಗೆ ಬರೋಣ, ಶಿಲುಬೆಗೆ ಹೋಗುವ ಹಿಂದಿನ ರಾತ್ರಿ ಯೇಸು ಪ್ರಾರ್ಥಿಸಿದ ತೋಟ ಅದು. ಒಪ್ಪಿಸುವುದರ ಬಗ್ಗೆ ಮಾತಾಡುವ ಯಾರೂ ಆ ತೋಟಕ್ಕೆ ಹೋಗದೆ ಇರುವುದಿಲ್ಲ. ಆದರೆ ನಾವು ಹೋದ ಕೂಡಲೇ ನೇರವಾಗಿ ಕೊನೆಯ ಸಾಲಿಗೆ ಹಾರುತ್ತೇವೆ: "ನಿನ್ನ ಚಿತ್ತದಂತೆ ಆಗಲಿ." ಅದಕ್ಕೆ ಮುಂಚೆ ಏನಿದೆ ಅಂತ ಮತ್ತಾಯನ 26ನೇ ಅಧ್ಯಾಯದಲ್ಲಿ ನಿಧಾನವಾಗಿ ಓದಿ. ಯೇಸು ಪೇತ್ರ, ಯಾಕೋಬ, ಯೋಹಾನರನ್ನು ಜೊತೆಗೆ ಕರೆದುಕೊಂಡು ಹೋಗುತ್ತಾನೆ. ನನ್ನ ಪ್ರಾಣ ಸಾಯುವಷ್ಟು ದುಃಖಪಡುತ್ತಿದೆ, ನನ್ನ ಜೊತೆ ಎಚ್ಚರವಾಗಿರಿ ಅನ್ನುತ್ತಾನೆ. ಸ್ವಲ್ಪ ಮುಂದೆ ಹೋಗಿ ಬೋರಲು ಬೀಳುತ್ತಾನೆ. ಆಮೇಲೆ ಮೊದಲ ಮಾತು ಏನು? ಸಾಧ್ಯವಾದರೆ ಈ ಪಾತ್ರೆ, ಅಂದರೆ ಮುಂದಿರುವ ಈ ಸಂಕಟ, ನನ್ನನ್ನು ಬಿಟ್ಟುಹೋಗಲಿ. ತನಗೆ ಏನು ಬೇಕು ಅಂತ ಮೊದಲು ಹೇಳಿದನು. ಮುಚ್ಚಿಡಲಿಲ್ಲ, ಶಿಷ್ಯರು ಕೇಳಿಸಿಕೊಂಡರೆ ಏನು ತಿಳಿದುಕೊಳ್ಳುತ್ತಾರೋ ಅಂತ ನೋಡಲಿಲ್ಲ.

ಎದ್ದು ಬಂದು ನೋಡಿದರೆ ಮೂವರೂ ನಿದ್ದೆ. ಮತ್ತೆ ಹೋಗಿ ಎರಡನೆಯ ಸಲ ಪ್ರಾರ್ಥಿಸುತ್ತಾನೆ. ಇಲ್ಲಿ ಮಾತು ಸ್ವಲ್ಪ ಬದಲಾಗಿದೆ, ಗಮನಿಸಿ. ಮೊದಲ ಸಲ "ಸಾಧ್ಯವಾದರೆ ಹೋಗಲಿ" ಅಂದವನು ಈಗ "ನಾನು ಕುಡಿಯದೆ ಇದು ಹೋಗುವುದಿಲ್ಲವಾದರೆ ನಿನ್ನ ಚಿತ್ತವೇ ಆಗಲಿ" ಅನ್ನುತ್ತಾನೆ. ಮೂರನೆಯ ಸಲವೂ ಅದೇ ಮಾತು. ಅಂದರೆ ದೇವರ ಮಗನಿಗೂ ಇದು ಒಂದೇ ಪ್ರಾರ್ಥನೆಯಲ್ಲಿ ಮುಗಿಯಲಿಲ್ಲ. ನಮಗೆ ಮಾತ್ರ ಒಂದು ಹಾಡು ಮುಗಿಯುವಷ್ಟರಲ್ಲಿ ಮುಗಿಯಬೇಕು!

ನಾನು ಇವತ್ತು ಹೇಳಬೇಕು ಅಂತ ಬಂದಿದ್ದು ಇದನ್ನೇ. ಏನು ಬೇಕು ಅಂತ ಬಾಯಿಬಿಟ್ಟು ಕೇಳದೆ "ನಿನ್ನ ಚಿತ್ತ" ಅಂದರೆ ಅದು ಒಪ್ಪಿಸಿದ ಹಾಗಲ್ಲ. ಬಹಳ ಸಲ ಅದು ಬರೀ ಸುಸ್ತು. ಕೇಳಿ ಸಿಗದಿದ್ದರೆ ನೋವಾಗುತ್ತದೆ, ಅದಕ್ಕೆ ಕೇಳುವುದೇ ಬೇಡ ಅಂತ ಮೊದಲೇ ಕೈ ಚೆಲ್ಲುತ್ತೇವೆ, ಅದಕ್ಕೆ ವಿಶ್ವಾಸ ಅಂತ ಹೆಸರಿಡುತ್ತೇವೆ. ಕೈಯಲ್ಲಿ ಏನಿದೆ ಅಂತ ನೋಡಿಕೊಳ್ಳದವನು ಏನನ್ನು ಕೊಡುತ್ತಾನೆ?

ಯೇಸುವಿನ ತಾಯಿ ಮರಿಯಳನ್ನು ನೋಡಿ. ನೀನು ಒಬ್ಬ ಮಗನನ್ನು ಹೆರುತ್ತೀ ಅಂತ ದೇವದೂತ ಬಂದು ಹೇಳಿದನು. "ಇಗೋ, ನಾನು ಕರ್ತನ ದಾಸಿ" ಅನ್ನುವ ಮಾತು ಲೂಕನ ಮೊದಲ ಅಧ್ಯಾಯದ 38ನೇ ವಚನದಲ್ಲಿ ಬರುತ್ತದೆ. 34ನೇ ವಚನದಲ್ಲಿ ಪ್ರಶ್ನೆ ಇದೆ: ಇದು ಹೇಗಾಗುತ್ತದೆ? ದೇವದೂತ ಕೋಪ ಮಾಡಿಕೊಳ್ಳದೆ ಉತ್ತರ ಕೊಟ್ಟನು. ಮುಪ್ಪಿನಲ್ಲಿ ಮಗ ಹುಟ್ಟುತ್ತಾನೆ ಅಂತ ದೇವದೂತ ಹೇಳಿದಾಗ ಜಕರೀಯನೂ ಪ್ರಶ್ನೆ ಕೇಳಿದ, ಅವನ ಬಾಯಿ ಕಟ್ಟಿಹೋಯಿತಲ್ಲ ಅಂತ ನೀವು ಕೇಳಬಹುದು. ಸರಿಯಾದ ಪ್ರಶ್ನೆ. ನನಗೆ ಕಾಣುವುದು ಹೀಗೆ. ಜಕರೀಯನು ಕೇಳಿದ್ದು ಗ್ಯಾರಂಟಿ, ಇದು ನಿಜ ಅಂತ ನನಗೆ ಹೇಗೆ ಗೊತ್ತಾಗಬೇಕು ಅಂತ. ಮರಿಯಳು ಕೇಳಿದ್ದು ದಾರಿ. ದಾರಿ ಕೇಳಿದವರನ್ನು ದೇವರು ಗದರಿಸಿದ್ದು ನನಗಂತೂ ಎಲ್ಲೂ ಕಂಡಿಲ್ಲ.

ಇದರ ಇನ್ನೊಂದು ಮಗ್ಗುಲು ಇದೆ. ಇದು ಸ್ವಲ್ಪ ಚುಚ್ಚುತ್ತದೆ, ಸಹಿಸಿಕೊಳ್ಳಿ. ಭಕ್ತಿಯೂ ಹಿಡಿತ ಸಾಧಿಸುವ ಒಂದು ದಾರಿ ಆಗಬಹುದು. ಅರಸನಾದ ಸೌಲನ ಕಥೆ, ಮೊದಲನೆಯ ಸಮುವೇಲ 13. ಫಿಲಿಷ್ಟಿಯರು ದೊಡ್ಡ ಸೈನ್ಯ ಕಟ್ಟಿಕೊಂಡು ಮಿಕ್ಮಾಷಿನಲ್ಲಿ ಇಳಿದಿದ್ದಾರೆ. ಇಸ್ರಾಯೇಲ್ಯರು ಗುಹೆ, ಪೊದೆ, ಬಂಡೆ ಸಂದು ಅಂತ ಸಿಕ್ಕಲ್ಲಿ ಅಡಗುತ್ತಿದ್ದಾರೆ. ಸೌಲನಿಗೆ ಇರುವ ಅಪ್ಪಣೆ ಒಂದೇ: ಗಿಲ್ಗಾಲಿನಲ್ಲಿ 7 ದಿನ ಕಾಯಿ, ಪ್ರವಾದಿಯಾದ ಸಮುವೇಲನು ಬಂದು ಯಜ್ಞ ಅರ್ಪಿಸುತ್ತಾನೆ. ಸೌಲನು ಕಾಯುತ್ತಾನೆ. ದಿನಕ್ಕಿಷ್ಟು ಜನ ಜಾರಿಕೊಳ್ಳುತ್ತಿದ್ದಾರೆ. ಏಳನೆಯ ದಿನವೂ ಸಮುವೇಲನ ಸುಳಿವಿಲ್ಲ. ಆಗ ಸೌಲನು ತಾನೇ ಸರ್ವಾಂಗಹೋಮ ಅರ್ಪಿಸಿಬಿಟ್ಟ. ಅದು ಮುಗಿಯುವುದಕ್ಕೂ ಸಮುವೇಲನು ಬರುವುದಕ್ಕೂ ಸರಿಹೋಯಿತು. ಕೊನೆಗೆ ಉಳಿದಿದ್ದ ಜನ ಸುಮಾರು 600.

ಸೌಲನು ಮಾಡಿದ್ದು ಏನು? ಕುಡಿಯಲಿಲ್ಲ, ಕುಣಿಯಲಿಲ್ಲ, ವಿಗ್ರಹದ ಮುಂದೆ ಅಡ್ಡಬೀಳಲಿಲ್ಲ. ದೇವರಿಗೇ ಹೋಮ ಮಾಡಿದ. ಹೊರಗಿನಿಂದ ನೋಡಿದರೆ ಇದಕ್ಕಿಂತ ಭಕ್ತಿಯ ಕೆಲಸ ಇಲ್ಲ. ಆದರೆ ಅವನ ಉತ್ತರ ಕೇಳಿ: ಜನ ಚದರಿ ಹೋಗುತ್ತಿದ್ದರು, ನೀನು ಬರಲಿಲ್ಲ, ಅದಕ್ಕೇ ಧೈರ್ಯ ಮಾಡಿ ಅರ್ಪಿಸಿಬಿಟ್ಟೆ. ಕೈತಪ್ಪಿ ಹೋಗುತ್ತಿರುವುದನ್ನು ಹಿಡಿದು ನಿಲ್ಲಿಸಲು ಯಜ್ಞವನ್ನು ಬಳಸಿಕೊಂಡ. ನಾವು ಮಾಡುವುದಿಲ್ವಾ? ಇಷ್ಟು ದಿನ ಉಪವಾಸ ಮಾಡಿದೆ, ಇಷ್ಟು ಕಾಣಿಕೆ ಹಾಕಿದೆ, ಇನ್ನು ದೇವರು ಮಾಡಲೇಬೇಕು ಅಂತ ಒಳಗೊಳಗೇ ಲೆಕ್ಕ ಇಡುತ್ತೇವೆ. ಉಪವಾಸ ತಪ್ಪು ಅಂತ ನಾನು ಹೇಳುತ್ತಿಲ್ಲ. ಮಾಡಿ. ಆದರೆ ಅದು ದೇವರನ್ನು ಬಗ್ಗಿಸುವ ಸಾಧನ ಆದ ಗಳಿಗೆಯಲ್ಲೇ ನಾವು ಗಿಲ್ಗಾಲಿನಲ್ಲಿ ಸೌಲನ ಪಕ್ಕದಲ್ಲಿ ನಿಂತಿರುತ್ತೇವೆ.

ಬೋಧಕರು ಒಂದು ಹೋಲಿಕೆ ಕೊಡುತ್ತಾರೆ, ನೀವೂ ಕೇಳಿರುತ್ತೀರಿ. ನಿಮ್ಮ ಜೀವನದ ಸ್ಟಿಯರಿಂಗ್ ದೇವರ ಕೈಗೆ ಕೊಡಿ, ನೀವು ಪಕ್ಕದ ಸೀಟಿಗೆ ಸರಿಯಿರಿ ಅಂತ. ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ನನಗೆ ಮಾತ್ರ ಅದು ಅರ್ಧ ಸರಿ ಅನಿಸುತ್ತದೆ. ಪಕ್ಕದ ಸೀಟಿಗೆ ಹೋದವನು ಏನು ಮಾಡುತ್ತಾನೆ? ಸ್ವಲ್ಪ ಹೊತ್ತು ಹೊರಗೆ ನೋಡುತ್ತಾನೆ, ಆಮೇಲೆ ನಿದ್ದೆ ಹೊಡೆಯುತ್ತಾನೆ. ಬೈಬಲಿನಲ್ಲಿ ಹಾಗೆ ನಿದ್ದೆ ಹೊಡೆದವರು ಕಡಿಮೆ. ಗೆತ್ಸೇಮನೆಯಲ್ಲೇ ನೋಡಿ, ಒಪ್ಪಿಸಿಕೊಟ್ಟವನು ಎದ್ದು "ಏಳಿರಿ, ಹೋಗೋಣ" ಅಂದನು. ನಿದ್ದೆ ಮಾಡಿದವರು ಬೇರೆಯವರು.

ಅಪೊಸ್ತಲರ ಕೃತ್ಯಗಳು 16 ಓದಿದರೆ ನನಗೆ ಪ್ರತಿ ಸಲ ನಗು ಬರುತ್ತದೆ. ಊರೂರು ತಿರುಗಿ ಸುವಾರ್ತೆ ಸಾರುವ ಅಪೊಸ್ತಲ ಪೌಲನಿಗೆ ಒಂದು ಪ್ಲಾನ್ ಇದೆ, ಆಸ್ಯ ಸೀಮೆಯಲ್ಲಿ ವಾಕ್ಯ ಸಾರಬೇಕು. ಪವಿತ್ರಾತ್ಮನು ಬೇಡ ಅಂದನು. ಸರಿ, ಬಿಥೂನ್ಯಕ್ಕೆ ಹೋಗೋಣ ಅಂತ ಹೊರಟ. ಅದೂ ಬೇಡ. ನಡೆದು ನಡೆದು ತ್ರೋವ ಅನ್ನುವ ಬಂದರಿಗೆ ಬಂದು ನಿಂತ, ಮುಂದೆ ಸಮುದ್ರ. ಅಲ್ಲಿ ರಾತ್ರಿ ಮಕೆದೋನ್ಯದ ಒಬ್ಬ ಮನುಷ್ಯ ದರ್ಶನದಲ್ಲಿ ಬಂದು, ಇಲ್ಲಿಗೆ ಬಂದು ನಮಗೆ ಸಹಾಯ ಮಾಡು ಅನ್ನುತ್ತಾನೆ. ದಾಟಿ ಹೋದರೆ ಫಿಲಿಪ್ಪಿಯಲ್ಲಿ ಮೊದಲು ಸಿಕ್ಕಿದ್ದು ಆ ಮನುಷ್ಯನಲ್ಲ. ನದಿ ದಂಡೆಯಲ್ಲಿ ಪ್ರಾರ್ಥನೆಗೆ ಕೂಡಿದ್ದ ಹೆಂಗಸರು. ಅವರಲ್ಲಿ ಲುದ್ಯಳು ಅನ್ನುವ ವ್ಯಾಪಾರಿ, ಧೂಮ್ರವರ್ಣದ ಬಟ್ಟೆ ಮಾರುವವಳು. ಯುರೋಪಿನಲ್ಲಿ ಪೌಲನ ಮಾತು ಕೇಳಿ ದೀಕ್ಷಾಸ್ನಾನ ಪಡೆದವರಲ್ಲಿ ಈ ಪುಸ್ತಕ ಬರೆದ ಲೂಕನು ಮೊದಲು ಹೆಸರಿಸುವುದು ಇವಳನ್ನೇ. ಆಮೇಲೆ ಅದೇ ಊರಲ್ಲಿ ಪೌಲನಿಗೆ ಚಡಿ ಏಟು, ಜೈಲು, ಕಾಲಿಗೆ ಕೋಳ.

ಪೌಲನು ಪ್ಲಾನ್ ಮಾಡುವುದನ್ನು ನಿಲ್ಲಿಸಲಿಲ್ಲ, ನಡೆಯುವುದನ್ನೂ ನಿಲ್ಲಿಸಲಿಲ್ಲ. ಬಾಗಿಲು ಮುಚ್ಚಿದಾಗ ಜಗಳ ಮಾಡುತ್ತಾ ಅಲ್ಲೇ ಕೂರಲಿಲ್ಲ, ಅಷ್ಟೇ. ದೇವರಿಗೆ ಒಪ್ಪಿಸಿದರೆ ಎಲ್ಲ ಸಲೀಸು ಅಂತ ಯಾರಾದರೂ ನಿಮಗೆ ಹೇಳಿದರೆ ಈ ಅಧ್ಯಾಯ ತೋರಿಸಿ. ಕೆಲಸ ನಮ್ಮದು, ಫಲ ಆತನದು. ಪರೀಕ್ಷೆಗೆ ಓದಬೇಕು, ಮಾತ್ರೆ ನುಂಗಬೇಕು, ಅರ್ಜಿ ಹಾಕಬೇಕು. ಪೌಲನ ಜೊತೆಗಾರ ತಿಮೊಥೆಯನಿಗೆ ಹೊಟ್ಟೆ ಸರಿ ಇರಲಿಲ್ಲ. ಪೌಲನು ಅವನಿಗೆ "ಸುಮ್ನೆ ಒಪ್ಪಿಸಿಬಿಡು" ಅಂತ ಬರೆಯಲಿಲ್ಲ. ಸ್ವಲ್ಪ ದ್ರಾಕ್ಷಾರಸ ಕುಡಿ ಅಂತ ಬರೆದ, ಆ ಕಾಲದ ಔಷಧಿ ಅದು.

ಇಲ್ಲಿ ಒಂದು ವಿಷಯ ಹೇಳದೆ ಮುಂದೆ ಹೋಗುವುದಕ್ಕೆ ನನಗೆ ಮನಸ್ಸಿಲ್ಲ. ದೇವರಿಗೆ ಒಪ್ಪಿಸುವುದು ಬೇರೆ, ಮನುಷ್ಯರಿಗೆ ಒಪ್ಪಿಸುವುದು ಬೇರೆ. ಗಂಡ ಹೊಡೆಯುತ್ತಾನೆ ಅಂತ ಅಳುತ್ತಾ ಬಂದ ಹೆಂಗಸಿಗೆ "ಎಲ್ಲಾ ಕರ್ತನಿಗೆ ಒಪ್ಪಿಸಿ ಸಹಿಸಿಕೋ ಅಮ್ಮಾ" ಅಂತ ಹೇಳಿ ವಾಪಸ್ ಕಳಿಸುವವರಿದ್ದಾರೆ. "ನೀನು ಇಂಥವರನ್ನೇ ಮದುವೆ ಆಗಬೇಕು ಅಂತ ದೇವರು ನನಗೆ ತೋರಿಸಿದ್ದಾನೆ" ಅನ್ನುವ ಬೋಧಕರಿದ್ದಾರೆ. ಅವರು ನಿಮ್ಮ ಇಚ್ಛೆಯನ್ನು ದೇವರಿಗೆ ಕೊಡಿಸುತ್ತಿಲ್ಲ, ತಾವೇ ಇಟ್ಟುಕೊಳ್ಳುತ್ತಿದ್ದಾರೆ. ಪೌಲನಷ್ಟು ಒಪ್ಪಿಸಿಕೊಟ್ಟವನು ಇನ್ಯಾರು? ಆದರೂ ದಮಸ್ಕದಲ್ಲಿ ಕೊಲ್ಲಲು ಹೊಂಚು ಹಾಕಿದ್ದಾರೆ ಅಂತ ಗೊತ್ತಾದಾಗ ಬುಟ್ಟಿಯಲ್ಲಿ ಕೂತು ಊರ ಗೋಡೆಯಿಂದ ಇಳಿದು ತಪ್ಪಿಸಿಕೊಂಡ. ಯೆರೂಸಲೇಮಿನಲ್ಲಿ ಕೊರಡೆ ಏಟು ಕೊಡಲು ಕಟ್ಟುತ್ತಿದ್ದಾಗ, ನಾನು ರೋಮನ್ ಪ್ರಜೆ, ವಿಚಾರಣೆ ಇಲ್ಲದೆ ಹೊಡೆಯುವುದು ನ್ಯಾಯವೋ ಅಂತ ಕಾನೂನು ಕೇಳಿದ. ಆಮೇಲೆ ರೋಮನ್ ಚಕ್ರವರ್ತಿ ಕೈಸರನ ತನಕ ಅಪೀಲು ಹೋದ. ಏಟಿನಿಂದ ತಪ್ಪಿಸಿಕೊಳ್ಳುವುದು ಅವಿಶ್ವಾಸ ಅಂತ ಅವನಿಗೆ ಅನಿಸಲಿಲ್ಲ.

ಅಪೊಸ್ತಲರ ಕೃತ್ಯಗಳ 21ನೇ ಅಧ್ಯಾಯದಲ್ಲಿ ಇನ್ನೂ ಸ್ವಾರಸ್ಯದ ಸಂಗತಿ ಇದೆ. ಯೆರೂಸಲೇಮಿಗೆ ಹೋಗಬೇಡ ಅಂತ ವಿಶ್ವಾಸಿಗಳೇ ಪೌಲನನ್ನು ತಡೆಯುತ್ತಾರೆ. ಅಗಬನೆಂಬ ಪ್ರವಾದಿ ಪೌಲನ ನಡುಕಟ್ಟು ತೆಗೆದುಕೊಂಡು ತನ್ನ ಕೈಕಾಲು ಕಟ್ಟಿಕೊಂಡು, ನಿನ್ನನ್ನು ಹೀಗೆ ಕಟ್ಟುತ್ತಾರೆ ಅಂತ ತೋರಿಸುತ್ತಾನೆ. ಎಲ್ಲರೂ ಅಳುತ್ತಾರೆ. ಪೌಲನು ಕೇಳಲಿಲ್ಲ. ಕೊನೆಗೆ "ಕರ್ತನ ಚಿತ್ತದಂತೆ ಆಗಲಿ" ಅಂತ ಹೇಳಿ ಸುಮ್ಮನಾದವರು ಯಾರು ಗೊತ್ತಾ? ಪೌಲನಲ್ಲ, ಅವನನ್ನು ತಡೆದವರು. ಪ್ರೀತಿಸುವವರನ್ನು ಹಿಡಿದಿಡುವ ಹಿಡಿತವನ್ನು ಅವರು ಬಿಡಬೇಕಾಯಿತು. ಅಪ್ಪ ಅಮ್ಮಂದಿರು ಈ ಅಧ್ಯಾಯವನ್ನು ಜಾಸ್ತಿ ಓದಬೇಕು ಅನ್ನುವುದು ನನ್ನ ಅಭಿಪ್ರಾಯ.

ಒಬ್ಬ ತಾಯಿಯ ವಿಷಯ ಹೇಳುತ್ತೇನೆ, ಹೆಸರು ಬೇಡ. ಮಗ ದೊಡ್ಡವನು, ಬೇರೆ ಊರಲ್ಲಿ ಕೆಲಸ. ಸಭೆಗೆ ಹೋಗುವುದನ್ನು ಬಿಟ್ಟಿದ್ದ. ಅವರು ಪ್ರತಿ ಭಾನುವಾರ ಮಧ್ಯಾಹ್ನ ಫೋನ್ ಮಾಡುತ್ತಿದ್ದರು. "ಹಲೋ" ಆದ ಕೂಡಲೇ ಎರಡನೆಯ ಮಾತು "ಚರ್ಚಿಗೆ ಹೋದ್ಯಾ?" ಅವನು ಒಮ್ಮೊಮ್ಮೆ ಸುಳ್ಳು ಹೇಳುತ್ತಿದ್ದ, ಒಮ್ಮೊಮ್ಮೆ ಫೋನೇ ಎತ್ತುತ್ತಿರಲಿಲ್ಲ. ಇವರು ಮಗನನ್ನು ದೇವರಿಗೆ ಒಪ್ಪಿಸಿದ್ದೇನೆ ಅಂತ ಪ್ರತಿ ಕೂಟದಲ್ಲೂ ಹೇಳುವವರು. ಒಂದು ದಿನ ಅವರ ತಂಗಿ ಕೇಳಿದರಂತೆ: "ಅಕ್ಕಾ, ಒಪ್ಪಿಸಿದ್ದರೆ ಹಾಜರಿ ಯಾಕೆ ತಗೋತೀಯಾ?" ಆಮೇಲೆ ಅವರು ಮಾಡಿದ್ದು ಇಷ್ಟು. ಆ ಒಂದು ಪ್ರಶ್ನೆಯನ್ನು ಬಿಟ್ಟರು. ಬಿಡುವುದು ಎಷ್ಟು ಕಷ್ಟ ಆಯಿತೆಂದರೆ, ಫೋನ್ ಹಿಡಿದಾಗ ಪ್ರಶ್ನೆ ನಾಲಿಗೆ ತುದಿಗೆ ಬಂದುಬಿಡುತ್ತಿತ್ತಂತೆ, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ನುಂಗಿಕೊಳ್ಳುತ್ತಿದ್ದರಂತೆ. ದೇವರ ಹತ್ತಿರ ಕೇಳುವುದನ್ನು ಮಾತ್ರ ಬಿಡಲಿಲ್ಲ. ಮಗ ಇನ್ನೂ ಸಭೆಗೆ ಬಂದಿಲ್ಲ. ಫೋನ್ ಮಾತ್ರ ಎತ್ತುತ್ತಾನೆ. ಕಥೆ ಅಷ್ಟೇ, ಇದಕ್ಕಿಂತ ಒಳ್ಳೆಯ ಕೊನೆ ನನ್ನ ಹತ್ತಿರ ಇಲ್ಲ.

ಆ ತಾಯಿ ಪ್ರತಿ ಭಾನುವಾರ ಹೊಸದಾಗಿ ಬಿಡಬೇಕಾಗಿತ್ತು, ಗಮನಿಸಿದಿರಾ? ಹಿಡಿತ ಕಳೆದುಕೊಳ್ಳುವುದು ಅಂದರೇನು ಅಂತ ಚೆನ್ನಾಗಿ ಗೊತ್ತಿರುವವರು ಕುಡಿತ ಬಿಡಲು ಹೊರಟವರು. 1935ರಲ್ಲಿ ಅಮೆರಿಕದ ಆಕ್ರನ್ ಊರಿನಲ್ಲಿ ಶುರುವಾದ ಆಲ್ಕೊಹಾಲಿಕ್ಸ್ ಅನಾನಿಮಸ್ ಕೂಟದ 12 ಹೆಜ್ಜೆಗಳಲ್ಲಿ ಮೊದಲನೆಯದು, ಇದು ನಮ್ಮ ಕೈಮೀರಿದೆ ಅಂತ ಒಪ್ಪಿಕೊಳ್ಳುವುದು. ಮೂರನೆಯದು, ನಮ್ಮ ಇಚ್ಛೆಯನ್ನೂ ಜೀವನವನ್ನೂ ದೇವರ ಕೈಗೆ ಕೊಡಲು ತೀರ್ಮಾನ ಮಾಡುವುದು. ಅದು ಕ್ರೈಸ್ತ ಸಂಸ್ಥೆಯಲ್ಲ, ದೇವರನ್ನು ಅವರವರು ತಿಳಿದ ಹಾಗೆ ಅಂತ ಬಿಟ್ಟಿದ್ದಾರೆ. ಆದರೆ ಅದರ ಬೇರು ಕ್ರೈಸ್ತ ಗುಂಪೊಂದರಲ್ಲಿ ಇತ್ತು. ನನಗೆ ಇಷ್ಟವಾಗುವುದು ಏನೆಂದರೆ, ದೇವರ ಕೈಗೆ ಕೊಡುವುದು ಮೂರನೆಯ ಹೆಜ್ಜೆ, ಹನ್ನೆರಡನೆಯದಲ್ಲ. ಆಮೇಲೆ ಇನ್ನೂ ಒಂಬತ್ತು ಹೆಜ್ಜೆ ಕೆಲಸ ಬಾಕಿ ಇದೆ: ತನ್ನ ತಪ್ಪುಗಳ ಪಟ್ಟಿ ಮಾಡಬೇಕು, ನೋಯಿಸಿದವರ ಬಳಿ ಹೋಗಿ ಸರಿಪಡಿಸಬೇಕು. ಅಲ್ಲಿಗೆ ಹೋಗುವವರು ಇನ್ನು ಮೇಲೆ ಯಾವತ್ತೂ ಕುಡಿಯಲ್ಲ ಅಂತ ಆಣೆ ಹಾಕುವುದಿಲ್ಲ. ಇವತ್ತು ಕುಡಿಯಲ್ಲ, ಅಷ್ಟೇ.

ಮರುಭೂಮಿಯಲ್ಲಿ ದೇವರು ಇಸ್ರಾಯೇಲ್ಯರಿಗೆ ಆಕಾಶದಿಂದ ಸುರಿಸಿದ ಆಹಾರ, ಮನ್ನ, ಅದರ ಕಥೆಯೂ ಇದೇ ಅಲ್ವಾ? ವಿಮೋಚನಕಾಂಡ 16. ಒಬ್ಬೊಬ್ಬರಿಗೆ ಒಂದು ಓಮೆರ್, ಆ ದಿನಕ್ಕೆ ಸಾಕಾಗುವಷ್ಟು. ನಾಳೆಗೆ ಇಡಬೇಡಿ ಅಂತ ಮೋಶೆ ಹೇಳಿದ. ಕೆಲವರು ಇಟ್ಟರು. ಬೆಳಿಗ್ಗೆ ಹುಳ ಬಿದ್ದು ನಾತ ಹೊಡೆಯಿತು. ನನಗೆ ಆ ಕೆಲವರ ಮೇಲೆ ಕನಿಕರ ಇದೆ. ಮಕ್ಕಳಿರುವ ಮನೆ, ಸುತ್ತ ಮರುಭೂಮಿ, ನಾಳೆ ಬೀಳದಿದ್ದರೆ? ಯಾರಾದರೂ ಇಡುತ್ತಾರೆ. ಆರನೆಯ ದಿನ ಮಾತ್ರ ಎರಡರಷ್ಟು ಕೂಡಿಸಿ ಇಡಿ ಅಂದನು, ಅದು ಕೆಡಲಿಲ್ಲ. ಇಡುವುದೇ ಪಾಪ ಅಂತಲ್ಲ. ಬೇಡ ಅಂದ ದಿನ ಇಡಬಾರದು, ಇಡು ಅಂದ ದಿನ ಇಡಬೇಕು, ಅಂದರೆ ದಿನಾ ಕೇಳಿಸಿಕೊಳ್ಳಬೇಕು. ಹೀಗೆ 40 ವರ್ಷ. ಹಾಗಾಗಿ "ನಾನು ಆ ಕೂಟದಲ್ಲೇ ಎಲ್ಲಾ ಒಪ್ಪಿಸಿಬಿಟ್ಟೆ, ಆದರೂ ಯಾಕೆ ಇನ್ನೂ ಚಿಂತೆ?" ಅಂತ ಕೇಳುವವರಿಗೆ ನಾನು ಹೇಳುವುದು: ಅದು ಆವತ್ತಿನ ಮನ್ನ. ಇವತ್ತಿನದನ್ನು ಇವತ್ತು ಕೂಡಿಸಿ.

ಕೇಳಿಯೂ ಒಪ್ಪಿಸಿಯೂ ಕೆಟ್ಟದ್ದೇ ಆದರೆ? ಇದನ್ನು ತಪ್ಪಿಸಿಕೊಂಡು ಹೋಗುವ ಬೋಧನೆ ಬಹಳ ಇದೆ. ಬೈಬಲು ತಪ್ಪಿಸಿಕೊಳ್ಳುವುದಿಲ್ಲ. ಅಪೊಸ್ತಲರ ಕೃತ್ಯಗಳು 12ರಲ್ಲಿ ಹೆರೋದ ಅರಸನು ಯೋಹಾನನ ಅಣ್ಣ ಯಾಕೋಬನನ್ನು ಕತ್ತಿಯಿಂದ ಕೊಲ್ಲಿಸಿದ. ಒಂದೇ ವಚನ, ಮುಗಿಯಿತು. ಅದೇ ಅಧ್ಯಾಯದಲ್ಲಿ ಪೇತ್ರನನ್ನು ದೇವದೂತ ಜೈಲಿನಿಂದ ಹೊರಗೆ ಕರೆದುಕೊಂಡು ಬರುತ್ತಾನೆ. ಇಬ್ಬರೂ ಅಪೊಸ್ತಲರು, ಇಬ್ಬರೂ ಎಲ್ಲ ಬಿಟ್ಟು ಬಂದ ಬೆಸ್ತರು. ಯಾಕೋಬನ ವಿಶ್ವಾಸ ಕಡಿಮೆ ಇತ್ತು ಅಂತ ಲೂಕನು ಬರೆಯಲಿಲ್ಲ. ಕಾರಣವನ್ನೇ ಬರೆಯಲಿಲ್ಲ. ನಾವು ಬರೆಯಲು ಹೋಗಬಾರದು, ಅದರಲ್ಲೂ ಮಣ್ಣು ಮಾಡಿ ಬಂದ ಮನೆಯಲ್ಲಿ ಕೂತುಕೊಂಡು.

ಅರಸನ ಪ್ರತಿಮೆಗೆ ಅಡ್ಡಬೀಳಲು ಒಪ್ಪದೆ ಬೆಂಕಿಯ ಕುಲುಮೆಯ ಮುಂದೆ ನಿಂತ ಆ ಮೂವರು, ಶದ್ರಕ್, ಮೇಷಕ್, ಅಬೇದ್‌ನೆಗೋ, ಅವರ ಮಾತಿನಲ್ಲಿ ಎರಡೂ ಇದೆ. ನಮ್ಮ ದೇವರು ಬಿಡಿಸಬಲ್ಲನು. ಬಿಡಿಸದಿದ್ದರೂ ನಿನ್ನ ಪ್ರತಿಮೆಗೆ ಅಡ್ಡಬೀಳುವುದಿಲ್ಲ. ನಮ್ಮಲ್ಲಿ ಕೆಲವರು ಮೊದಲ ಅರ್ಧ ಮಾತ್ರ ಸಾರುತ್ತಾರೆ, ಕೆಲವರು ಎರಡನೆಯ ಅರ್ಧ ಮಾತ್ರ. ಮೊದಲನೆಯದು ಮಾತ್ರ ಹಿಡಿದವರು ಸೌಲನ ಹಾಗೆ ದೇವರನ್ನು ಒತ್ತಾಯ ಮಾಡುತ್ತಾರೆ. ಎರಡನೆಯದು ಮಾತ್ರ ಹಿಡಿದವರು ಕೇಳುವುದನ್ನೇ ಬಿಡುತ್ತಾರೆ.

ಈ ಮಾತು ಮುಗಿಸುವಾಗ ಹಿಂದಿನ ಸಾಲಿನಿಂದ ಒಬ್ಬರು ಕೇಳಿದರು: ಹಾಗಾದರೆ ಕೇಳುವುದನ್ನು ಯಾವಾಗ ನಿಲ್ಲಿಸಬೇಕು? ಎಷ್ಟು ಸಲ ಕೇಳಿದರೆ ಸಾಕು?

ಪೌಲನಿಗೆ ಶರೀರದಲ್ಲಿ ಒಂದು ಮುಳ್ಳು ಇತ್ತು, ಎರಡನೆಯ ಕೊರಿಂಥ 12ರಲ್ಲಿ ಬರೆಯುತ್ತಾನೆ. ಏನದು ಅಂತ ಹೇಳುವುದಿಲ್ಲ. ಇದು ಹೋಗಲಿ ಅಂತ ಮೂರು ಸಲ ಬೇಡಿಕೊಂಡ. ಆಮೇಲೆ ನಿಲ್ಲಿಸಿದ. ಮೂರು ಸಲ ಆಯಿತು ಅಂತ ನಿಲ್ಲಿಸಿದ್ದಲ್ಲ, "ನನ್ನ ಕೃಪೆಯೇ ನಿನಗೆ ಸಾಕು" ಅನ್ನುವ ಉತ್ತರ ಬಂತು ಅಂತ ನಿಲ್ಲಿಸಿದ್ದು. ಮುಳ್ಳು ಹೋಗಲಿಲ್ಲ, ಉತ್ತರ ಬಂತು. ನಿಮಗೆ ಅಂಥ ಉತ್ತರ ಬಂದಿದ್ದರೆ ನಿಮಗೇ ಗೊತ್ತಿರುತ್ತದೆ, ನನ್ನನ್ನು ಕೇಳಬೇಕಾಗಿಲ್ಲ. ಬಂದಿಲ್ಲವಾ? ನಾಲ್ಕನೆಯ ಸಲ ಕೇಳಬಾರದು ಅಂತ ಎಲ್ಲೂ ಬರೆದಿಲ್ಲ.